ಕೊನೆಯ ಎಲೆಗೆ ಬಡಿಸಿದ ಸಾರು

ಹೊಳೆದಂಡೆಯ ಮಠಕ್ಕೆ ಮುರಿಗೇಶ ಬಂದದ್ದು ವೈರಾಗ್ಯ ಹುಟ್ಟಿ ಅಲ್ಲ. ಕಾಲೇಜಿನ ದಿನಗಳಿಂದ ಪ್ರೀತಿಸಿದ ಸುಗಂಧಾ ಅವನನ್ನು ಬಿಟ್ಟು ಬೇರೊಬ್ಬನನ್ನು ಒಪ್ಪಿದ್ದಳು.

ಅನ್ನ ಸೇರದು, ನಿದ್ದೆ ಹತ್ತದು. ಕಣ್ಣು ಮುಚ್ಚಿದರೆ ಆ ಬೇರೊಬ್ಬನೇ ಎದುರು ನಿಂತು ಹಲ್ಲು ಕಿರಿಯುತ್ತಿದ್ದ.

ಮಠದ ಸ್ವಾಮಿಗಳಾದ ಅಜ್ಜಾರು ಏನೂ ಕೇಳಲಿಲ್ಲ. ಕೈಗೆ ಪೊರಕೆ ಕೊಟ್ಟರು.

ಆ ಸೀಮೆಯಲ್ಲಿ ಹೊಸ ಜೋಡಿ ಹೊಳೆ ದಾಟುವ ಮುಂಚೆ ಮಠದಲ್ಲಿ ಕೂತು ಒಂದೇ ಎಲೆಯಲ್ಲಿ ಉಣ್ಣಬೇಕು. ಒಂದು ದಿನ ಸುದ್ದಿ ಬಂತು. ನಾಳೆ ಬರುವವರು ಸುಗಂಧಾ ಮತ್ತು ಅವಳ ಗಂಡ.

"ಅಜ್ಜಾರ, ನಾಳೆ ನಾನ ಬಡಸ್ತೀನ್ರಿ."

"ಆಗ್ತದೇನು ನಿನ್ನ ಕೈಲೆ?"

"ಎಲ್ಲಾ ಮರತೇನ್ರಿ."

"ಹಂಗಾರ ಬಡಸು. ಬಕೆಟ್ಟಿನಾಗ ಉಳದದ್ದನ್ನ ಬಡಸಿದಾಂವನ ಉಣಬೇಕು, ನೆನಪಿರಲಿ."

ಮರೆತನಂತೆ! ಬೆಳಗಿನ ತನಕ ಹೊರಳಾಡಿದ ಮಹಾರಾಯ.

ಜೋಡಿ ಪಂಕ್ತಿಯ ಕೊನೆಗೆ ಕೂತಿತ್ತು. ಗಂಡ ಏನೋ ಅಂದ, ಸುಗಂಧಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗು ನಿನ್ನೆ ಮೊನ್ನೆಯವರೆಗೆ ಮುರಿಗೇಶನದಾಗಿತ್ತು.

ಉಳಿದವರಿಗೆಲ್ಲ ಬಡಿಸಿ, ಕಂಬದ ಮರೆಗೆ ಹೋಗಿ ಬಕೆಟ್ಟಿನ ಸಾರಿಗೆ ಹಿಡಿ ಉಪ್ಪು ಸುರಿದ. ಸೌಟಿನಿಂದ ತಿರುವಿ ಆ ಎಲೆಗೆ ಹುಯ್ದ. ಉಣ್ಣು ಮಗನೇ, ಅಂದುಕೊಂಡ.

ಹೊಟ್ಟೆಕಿಚ್ಚಿನಲ್ಲಿ ಒಂದು ಮಾತು ಮರೆತೇಹೋಗಿತ್ತು. ಮೊದಲ ತುತ್ತು ಮದುಮಗಳದು.

ಸುಗಂಧಾ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ನುಂಗಿದಳು. ಗಂಡ ಕೈ ಚಾಚಿದಾಗ ತಡೆದಳು.

"ಸಾರು ಬ್ಯಾಡ್ರಿ, ಭಾಳ ಖಾರ ಐತಿ. ನೀವು ಮಜ್ಜಿಗಿ ಕಲಸ್ಕೊಳ್ರಿ."

ಮಠದಲ್ಲಿ ಎಲೆಯಲ್ಲಿ ಬಿಟ್ಟು ಏಳುವಂತಿಲ್ಲ. ಸಾರು ಬಿದ್ದ ಅನ್ನವನ್ನೆಲ್ಲ ಅವಳೇ ಉಂಡಳು. ಬಡಿಸಿದವನತ್ತ ತಲೆ ಎತ್ತಲಿಲ್ಲ.

ದೋಣಿ ಆಚೆ ದಡ ಮುಟ್ಟುವವರೆಗೆ ಮುರಿಗೇಶ ನೋಡುತ್ತ ನಿಂತಿದ್ದ. ಒಳಗೆ ಬಂದರೆ ಅಜ್ಜಾರು ಅದೇ ಬಕೆಟ್ಟಿನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತಿದ್ದರು. ಪಂಕ್ತಿ ಎದ್ದ ಮೇಲೆ ಉಣ್ಣುವುದು ಅವರ ರೂಢಿ.

"ಅಜ್ಜಾರ, ಸಾರಿಗೆ ಉಪ್ಪ ಸುರದಿದ್ದೆ. ಅವಗಂತ. ಆಕಿ ಉಂಡ್ಲು."

"ಕಂಡೆ."

"ಖಾರ ಐತಿ ಅಂತ ಸುಳ್ಳ ಹೇಳಿದಳ್ರಿ. ಯಾರನ್ನ ಉಳಸಾಕ? ಅವನ್ನೋ, ನನ್ನೋ? ಅದೊಂದ ಹೇಳ್ರಿ, ಇಲ್ಲಾಂದ್ರ ನನಗ ಹುಚ್ಚ ಹಿಡೀತೈತಿ."

ಅಜ್ಜಾರು ಎಲೆಗೆ ಅನ್ನ ಹಾಕಿಕೊಂಡರು. ಬಕೆಟ್ಟಿನಿಂದ ಸೌಟು ತುಂಬ ಸಾರು ಹುಯ್ದುಕೊಂಡು ಕಲಸಿ ತುತ್ತು ಎತ್ತಿದರು.

ಮುರಿಗೇಶ ಹಾರಿ ಬಂದು ಅವರ ಕೈ ಹಿಡಿದ.

"ಬ್ಯಾಡ್ರಿ ಅಜ್ಜಾರ! ಅದು ನಂದು, ನಾ ಉಣ್ತೀನಿ!"

ಅಜ್ಜಾರು ಕೈ ಬಿಡಿಸಿಕೊಳ್ಳಲಿಲ್ಲ.

"ಈಗ ನೀನ ಹೇಳು ತಮ್ಮಾ, ಯಾರನ್ನ ಉಳಿಸಿದಿ? ನನ್ನೋ, ನಿನ್ನೋ?"