ಓಗೊಡದ ಕರೆ

ಹೊಳೆ ದಂಡೆಯ ಗುರುಕುಲವೊಂದರಲ್ಲಿ ಭುಜಬಲಿ ಎಂಬ ಗುರುಗಳಿದ್ದರು. ಲಕ್ಷಾಂತರ ಯಂತ್ರಗಳನ್ನು ಒಳಗಿನಿಂದ ನಡೆಸುವ ಕರ್ನಲ್ ಎಂಬ ತಂತ್ರಾಂಶವನ್ನು ಕಾಯುವುದು ಅವರ ಕಾಯಕ. ಷಡಕ್ಷರಿ ಅವರ ಶಿಷ್ಯ.

ಬೇರೆ ತಂತ್ರಾಂಶಗಳು ಕರ್ನಲ್‌ನಿಂದ ಏನಾದರೂ ಬೇಕಾದಾಗ ಗೊತ್ತುಮಾಡಿದ ಹೆಸರಿನಿಂದ ಅದನ್ನು ಕರೆಯಬೇಕು. ಅಂಥ ಹಳೆಯ ಕರೆಯೊಂದರಲ್ಲಿ ಬಿರುಕಿತ್ತು. ಕಳ್ಳರು ಅದರ ಮೂಲಕ ಒಳನುಗ್ಗಬಹುದಿತ್ತು.

“ಗುರುಗಳೇ, ಇದನ್ನು ತೆಗೆದುಹಾಕಲೇ?”

“ಯಾರಾದರೂ ಬಳಸುತ್ತಿದ್ದಾರೆಯೇ?”

“ಇಲ್ಲ. ‘ಈ ಕರೆ ನಿಲ್ಲಲಿದೆ’ ಎಂದು ಆರು ವರ್ಷದಿಂದ ಎಚ್ಚರಿಸುತ್ತಿದ್ದೇನೆ. ಒಬ್ಬರೂ ನಿಲ್ಲಿಸಬೇಡಿ ಎನ್ನಲಿಲ್ಲ.”

“ಎಲ್ಲಿ ಎಚ್ಚರಿಸಿದೆ?”

“ಯಾರಾದರೂ ಹಾಗೆ ಕರೆದರೆ ಕರ್ನಲ್ ಆಯಾ ಯಂತ್ರದ ದಾಖಲೆಯಲ್ಲೇ ಬರೆದಿಡುತ್ತದೆ.”

ಗುರುಗಳು ಒಪ್ಪಿದರು. ಷಡಕ್ಷರಿ ಆ ಕರೆಯ ನಲವತ್ತು ಸಾಲು ಅಳಿಸಿದ. ಮನಸ್ಸು ಹಗುರವಾಯಿತು.

ಮಳೆಗಾಲದಲ್ಲಿ ಆ ಹೊಳೆಯ ಅಣೆಕಟ್ಟೆಯ ಗೇಟು ತೆರೆದರು. ನೀರು ಬಿಡುವ ಮುಂಚೆ ಕೂಗಬೇಕಿದ್ದ ಸೈರನ್ ಕೂಗಲಿಲ್ಲ. ಅದರ ಯಂತ್ರಕ್ಕೆ ಹಿಂದಿನ ವಾರವಷ್ಟೇ ಹೊಸ ಕರ್ನಲ್ ಬಂದಿತ್ತು. ಸೈರನ್ನಿನ ತಂತ್ರಾಂಶ ಹಳೆಯ ಹೆಸರಿನಿಂದಲೇ ಕರೆಯಿತು. ಕರ್ನಲ್ ಓಗೊಡಲಿಲ್ಲ.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಗೌರವ್ವ ಎಂಬ ಹೆಣ್ಣುಮಗಳು ಕೊಚ್ಚಿಹೋದಳು.

ಗುರುಗಳು ಷಡಕ್ಷರಿಯನ್ನು ಅವಳ ಮನೆಗೆ ಕರೆದೊಯ್ದರು. ಬಾಗಿಲಲ್ಲಿ ಅವಳ ತಾಯಿ ನಿಂತಿದ್ದಳು.

“ಅವ್ವಾ, ಸೈರನ್ ಕೂಗದೇ ಇದ್ದದ್ದು ನನ್ನಿಂದ,” ಎಂದ ಷಡಕ್ಷರಿ.

“ಒಪ್ಪಿಗೆ ಕೊಟ್ಟವನು ನಾನು,” ಎಂದರು ಗುರುಗಳು.

ಗೌರವ್ವನ ತಾಯಿ ಇಬ್ಬರನ್ನೂ ದಿಟ್ಟಿಸಿದಳು.

“ಆಕೀ ಕಿವಿ ಭಾಳ ಚುರುಕಿದ್ವು. ಕೂಗಿದ್ರ ಓಡಿ ಬರ್ತಿದ್ಲು.”

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಅಣೆಕಟ್ಟೆಗೆ ಹೋದರು. ಸೈರನ್ನಿನ ಕೋಣೆಯ ತುಂಬ ಜೇಡರಬಲೆ. ಷಡಕ್ಷರಿ ಯಂತ್ರದ ದಾಖಲೆ ತೆರೆದ. ‘ಈ ಕರೆ ನಿಲ್ಲಲಿದೆ.’ ಅವನದೇ ಮಾತು, ದಿನಕ್ಕೊಂದು ಸಾಲಿನಂತೆ ಆರು ವರ್ಷ. ಅದನ್ನು ಅಲ್ಲಿಯವರೆಗೆ ಯಾರೂ ತೆರೆದಿರಲಿಲ್ಲ.

“ಹಳೆಯ ಕರೆಯನ್ನು ವಾಪಸ್ ಹಾಕಿಬಿಡುತ್ತೇನೆ, ಗುರುಗಳೇ.”

“ಇದೇ ಕರ್ನಲ್ ಆಸ್ಪತ್ರೆಗಳ ಯಂತ್ರಗಳಲ್ಲೂ ಇದೆ. ಆ ಬಿರುಕಿನಿಂದ ಕಳ್ಳರು ನುಗ್ಗಿ ಅವನ್ನು ನಿಲ್ಲಿಸಿದರೆ ಅಲ್ಲಿ ಎಷ್ಟು ಜನ ಸಾಯುತ್ತಾರೋ.”

“ಹಾಗಾದರೆ ತೆಗೆದದ್ದು ಸರಿಯೇ?”

“ಸರಿ.”

“ಮತ್ತೆ ಗೌರವ್ವ?”

“ಇವತ್ತು ಬಂದ ಹಾಗೆ ತೆಗೆಯುವ ಮುಂಚೆಯೇ ನಾವು ಇಲ್ಲಿಗೆ ಬರಬಹುದಿತ್ತು. ಬರಲಿಲ್ಲ.”

ಷಡಕ್ಷರಿ ಸೈರನ್ನಿನ ತಂತ್ರಾಂಶಕ್ಕೆ ಬಿರುಕಿಲ್ಲದ ಹೊಸ ಕರೆ ಬರೆದುಕೊಟ್ಟ. ಪರೀಕ್ಷೆಗೆಂದು ಒಮ್ಮೆ ಕೂಗಿಸಿದರು. ಹೊಳೆಯ ಆಚೆ ದಡದವರೆಗೂ ಕೇಳಿಸಿತು. ಅವನು ಕಿವಿ ಮುಚ್ಚಿಕೊಂಡು ಅತ್ತ.

“ಇನ್ನೂ ಹನ್ನೊಂದು ಹಳೆಯ ಕರೆಗಳನ್ನು ತೆಗೆಯಬೇಕು,” ಎಂದರು ಗುರುಗಳು.

“ನನ್ನಿಂದಾಗದು. ಬೇರೆ ಯಾರಿಗಾದರೂ ಒಪ್ಪಿಸಿ.”

“ಬೇರೆಯವರಿಗೆ ಗೌರವ್ವ ಗೊತ್ತಿಲ್ಲ.”