ಕಣದಲ್ಲೇ ಉಳಿದ ರಾಶಿ

"ಅಜ್ಜಾರ, ಐಪ್ಯಾಡ್ ತರಲೇನ್ರಿ, ಆಂಡ್ರಾಯ್ಡ್ ತರಲೇನ್ರಿ?"

ನಿರುಪಾದಿ ಈ ಪ್ರಶ್ನೆ ಕೇಳಿದ್ದು ಮಠದ ಕಟ್ಟೆಯ ಮೇಲೆ, ಬೆಳಗಿನ ಪ್ರಸಾದ ಮುಗಿದ ಮೇಲೆ. ಕೇಳಿಸಿಕೊಂಡವರು ರಾಚಯ್ಯಜ್ಜ. ತತ್ವಪದ ಹಾಡುವ ಆ ಸಣ್ಣ ಮಠಕ್ಕೆ ಅವರೇ ಗುರು, ಅವರೇ ಪೂಜಾರಿ, ಕಸ ಬಿದ್ದರೆ ಗುಡಿಸುವವರೂ ಅವರೇ. ಆ ಎರಡು ಟ್ಯಾಬ್‌ಗಳಲ್ಲಿ ಒಂದನ್ನೂ ಅವರು ಕಣ್ಣಾರೆ ಕಂಡವರಲ್ಲ. ಆದರೂ ಶಿಷ್ಯ ಅವರನ್ನು ಕೇಳಿದ, ಏಕೆಂದರೆ ಉಳಿದವರನ್ನೆಲ್ಲ ಕೇಳಿ ಮುಗಿದಿತ್ತು.

ಟ್ಯಾಬ್ ಬೇಕಾಗಿದ್ದುದು ಅಜ್ಜನ ಪದಗಳಿಗಾಗಿ. ಅವು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜನ ಗುರು ಅಜ್ಜನಿಗೆ ಬಾಯಿಂದ ಬಾಯಿಗೆ ಕೊಟ್ಟವು. ಜೊತೆಗೆ ಹಾಡುತ್ತಿದ್ದ ಓರಗೆಯವರು ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಈಗ ಆ ಪದಗಳು ಇರುವುದು ಅಜ್ಜನ ಗಂಟಲಲ್ಲಿ ಮಾತ್ರ. ಆ ಗಂಟಲಿಗೂ ಕೆಮ್ಮು ಹತ್ತಿತ್ತು. ಅದಕ್ಕೇ ಭಕ್ತರು ಸೇರಿ ಮಾತಾಡಿಕೊಂಡರು: ಒಂದು ಒಳ್ಳೆಯ ಟ್ಯಾಬ್ ತರೋಣ, ಅಜ್ಜ ಹಾಡಿದ್ದನ್ನೆಲ್ಲ ಅದರಲ್ಲಿ ಹಿಡಿದಿಡೋಣ, ಪದದ ಸಾಹಿತ್ಯವನ್ನೂ ಅದರಲ್ಲೇ ಬರೆದಿಡೋಣ. ಆರಿಸಿ ತರುವ ಹೊಣೆ ನಿರುಪಾದಿಗೆ ಬಿತ್ತು. ಅವನು ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟವನು. ಯಂತ್ರಗಳ ವಿಷಯ ಅವನಿಗೆ ಗೊತ್ತು ಎಂದು ಊರೇ ನಂಬಿತ್ತು. ಅವನೂ ನಂಬಿದ್ದ.

ಹೊಣೆ ಬಿದ್ದದ್ದೇ ತಡ, ಅವನು ಅದರಲ್ಲಿ ಮುಳುಗಿಹೋದ. ಐಪ್ಯಾಡ್ ನುಣುಪು, ಗಟ್ಟಿ. ಆದರೆ ಅದರ ಪೆನ್ನು ಅದರದೇ, ಆ್ಯಪ್‌ಗಳ ಅಂಗಡಿ ಅದರದೇ, ಒಳಗಿಟ್ಟದ್ದನ್ನು ಹೊರಗೆ ತೆಗೆಯುವ ದಾರಿಯೂ ಅದರದೇ. ಆಂಡ್ರಾಯ್ಡ್ ಆದರೆ ಹತ್ತಾರು ಕಂಪನಿಗಳ ಟ್ಯಾಬ್‌ಗಳಲ್ಲಿ ಬರುತ್ತದೆ, ಬೇಕಾದದ್ದನ್ನು ಹಾಕಿಕೊಳ್ಳಬಹುದು. ಆದರೆ ಬೇಡದ್ದೂ ನುಸುಳುತ್ತದೆ ಎನ್ನುವರು. ಎರಡನ್ನೂ ಹೋಲಿಸುವ ವೀಡಿಯೊಗಳನ್ನು ಅವನು ಅಂಗಡಿಯಲ್ಲಿ ಕುಳಿತು ಫೋನಿನಲ್ಲಿ ನೋಡಿದ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ. ಅಷ್ಟರಲ್ಲಿ ಹೊಸ ಮಾಡೆಲ್ ಬರುತ್ತದೆ ಎಂದು ಸುದ್ದಿಯಾಯಿತು. ಬರಲಿ ಎಂದು ಕಾದ. ಬಂದಾಗ, ಇನ್ನು ಹಳೆಯದರ ಬೆಲೆ ಇಳಿಯುತ್ತದೆ ಎಂದರು. ಇಳಿಯಲಿ ಎಂದು ಕಾದ. ಇಳಿಯುವಷ್ಟರಲ್ಲಿ ಮತ್ತೊಂದು ಹೊಸದರ ಸುದ್ದಿ ಬಂತು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು.

ಮೊದಲು ದಿನಾ ನಸುಕಿನಲ್ಲಿ ಪಾಠ ಇರುತ್ತಿತ್ತು. ಅಜ್ಜ ಏಕತಾರಿ ಹಿಡಿದು ಒಂದು ನುಡಿ ಹಾಡುವರು, ಶಿಷ್ಯ ಹಿಂದೆಯೇ ಹಾಡುವನು. ಸರಿಯಾಗಿ ಬರುವ ತನಕ ಮುಂದಿನ ನುಡಿ ಇಲ್ಲ. ಹೀಗೆ ನಿರುಪಾದಿಗೆ ಬಂದ ಪದಗಳು ಕೆಲವು, ಬಾರದವು ಬಹಳ. ಟ್ಯಾಬಿನ ಮಾತು ಎದ್ದ ಮೇಲೆ ಪಾಠ ತಾನಾಗಿಯೇ ನಿಂತಿತು. ಹೇಗೂ ಎಲ್ಲವೂ ಅದರಲ್ಲಿ ಇರುತ್ತದಲ್ಲ, ಈಗ ಅಜ್ಜನ ಗಂಟಲಿಗೆ ಯಾಕೆ ತ್ರಾಸು ಎಂದು ಅವನು ನಿಜವಾದ ಕರುಣೆಯಿಂದಲೇ ಅಂದುಕೊಂಡಿದ್ದ. "ನಿನ್ನ ಫೋನಿನಾಗ ಹಿಡಿಯಾಕ ಬರಂಗಿಲ್ಲೇನು?" ಎಂದು ಅಜ್ಜ ಒಮ್ಮೆ ಕೇಳಿದ್ದರು. ಅವನು ನಕ್ಕು, "ಮಾಡಿದ್ರ ಛಲೋದೇ ಮಾಡಬೇಕ್ರಿ ಅಜ್ಜಾರ" ಎಂದಿದ್ದ.

ಈ ದಿನ ಬೆಳಿಗ್ಗೆ ಅಜ್ಜನೇ ಏಕತಾರಿ ಎತ್ತಿಕೊಂಡು ಒಂದು ಪದ ಹಾಡಲು ತೊಡಗಿದ್ದರು. ಅದು ನಿರುಪಾದಿ ಕಲಿಯದೆ ಬಿಟ್ಟ ಪದ. ಪಲ್ಲವಿ ಹಾಡಿದರು, ಎರಡು ನುಡಿ ಹಾಡಿದರು, ಮೂರನೆಯದಕ್ಕೆ ಬಂದು ನಿಂತರು. ಬೆರಳು ಮಾತ್ರ ತಂತಿಯನ್ನು ಮೀಟುತ್ತಲೇ ಇತ್ತು. ಆಮೇಲೆ ಕೆಮ್ಮು ಬಂತು. ಅಜ್ಜ ಏಕತಾರಿಯನ್ನು ಗೋಡೆಗೆ ಒರಗಿಸಿ ಪ್ರಸಾದಕ್ಕೆ ಎದ್ದರು. ಕೆಮ್ಮಿಗೆ ಹಾಡು ನಿಂತಿತು ಎಂದು ಶಿಷ್ಯ ತಿಳಿದ. ಅವನ ಮನಸ್ಸು ಟ್ಯಾಬಿನ ಪೆನ್ನಿನ ಮೇಲಿತ್ತು.

ಈಗ ಅವನು ಎರಡರ ಗುಣದೋಷಗಳನ್ನೂ ಬಿಡಿಸಿ ಬಿಡಿಸಿ ಹೇಳಿದ. ಅಜ್ಜ ಒಂದನ್ನೂ ತಡೆಯದೆ ಕೇಳಿಸಿಕೊಂಡರು. "ಕುಂದ್ರು" ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೊಲದಲ್ಲಿ ಒಂದು ಬಗೆಯ ಜೋಳ ಬೆಳೆಯುತ್ತಿತ್ತು. ಅದರ ರೊಟ್ಟಿ ಮರುದಿನಕ್ಕೂ ಮೆತ್ತಗಿರುತ್ತಿತ್ತು. ಮುತ್ತಜ್ಜನ ಕಾಲದಿಂದ ಬಂದ ಬೀಜ. ಸುತ್ತಲಿನವರು ಹೆಚ್ಚಿನ ಬೆಳೆಯ ಆಸೆಗೆ ಬೇರೆ ಬೀಜ ಹಿಡಿದು ಇದನ್ನು ಕೈಬಿಟ್ಟಿದ್ದರು. ಹಾಗಾಗಿ ಆ ಜೋಳ ಇದ್ದರೆ ಅವನ ಕಣದಲ್ಲಿ, ಇಲ್ಲದಿದ್ದರೆ ಎಲ್ಲೂ ಇಲ್ಲ.

ಒಂದು ವರ್ಷ ಬೆಳೆ ಚೆನ್ನಾಗಿ ಬಂತು. ಒಕ್ಕಣೆ ಮುಗಿಯಿತು, ರಾಶಿ ಪೂಜೆಯೂ ಆಯಿತು. ಕಾಳು ತುಂಬಿಡುವ ಹಳೆಯ ಕಣಜ ಹುಳ ಹಿಡಿದು ಪುಡಿಯಾಗಿತ್ತು. ಹೊಸದಾಗಿ ಏನು ಮಾಡಿಸುವುದು? ಬಿದಿರಿನ ಕಣಜವನ್ನೇ ಹೆಣೆಸುವುದೋ, ನೆಲದೊಳಗೆ ಹಗೇವು ತೋಡಿಸುವುದೋ?

ರೈತ ಹಗೇವು ಇದ್ದವನನ್ನು ಕೇಳಿದ. ಅವನು, "ಹಗೇವಿನಂಥದ್ದು ಇನ್ನೊಂದಿಲ್ಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಇಲಿಯಿಲ್ಲ, ಹುಳವಿಲ್ಲ, ಕಳ್ಳನಿಗೆ ಜಾಗವೂ ಗೊತ್ತಾಗದು" ಎಂದ. ಕಣಜ ಇದ್ದವನನ್ನು ಕೇಳಿದ. ಅವನು, "ಹಗೇವಿನಿಂದ ಒಂದು ಸೇರು ಬೇಕೆಂದರೂ ಬಾಯಿ ಒಡೆಯಬೇಕು, ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ದೀಪ ಇಳಿಸಿ ನೋಡಬೇಕು. ಕಣಜಕ್ಕೆ ಕೆಳಗೆ ಒಂದು ತೂತು, ತೂತಿಗೆ ಒಂದು ಬಟ್ಟೆಯ ಉಂಡೆ. ಎಳೆದರೆ ಕಾಳು, ತುರುಕಿದರೆ ಬಂದ್. ಈ ವರ್ಷ ಜೋಳ ತುಂಬು, ಬರುವ ವರ್ಷ ತೊಗರಿ ತುಂಬು" ಎಂದ. ಇಲಿಯ ಮಾತನ್ನು ಅವನು ಎತ್ತಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ರೈತ ದಡ್ಡನಲ್ಲ, ಅದೇ ತೊಂದರೆಯಾಯಿತು. ದಡ್ಡನಾಗಿದ್ದರೆ ಯಾವುದಾದರೊಂದನ್ನು ಮಾಡಿಸಿ ನಿದ್ದೆ ಮಾಡುತ್ತಿದ್ದ. ಇವನು ಊರೂರು ತಿರುಗಿದ. ಯಾವ ಮಣ್ಣಿನಲ್ಲಿ ಹಗೇವು ಬೆವರುತ್ತದೆ, ಯಾವ ತಿಂಗಳಲ್ಲಿ ಕಡಿದ ಬಿದಿರು ಬಾಳುತ್ತದೆ, ಎಲ್ಲವನ್ನೂ ತಿಳಿದುಕೊಂಡ. ಅಳೆದೂ ಸುರಿದೂ ಕೊನೆಗೆ ಆ ವಿಷಯದಲ್ಲಿ ಅವನೇ ಪಂಡಿತನಾದ. ಅವನ ಮಾತು ಕೇಳಿ ಬೇರೆಯವರು ಕಣಜ ಹೆಣೆಸಿದರು, ಹಗೇವು ತೋಡಿಸಿದರು, ತುಂಬಿದರು, ಮುಚ್ಚಿದರು. ಅವನ ರಾಶಿ ಕಣದಲ್ಲೇ ಇತ್ತು.

ಒಂದು ಸಂಜೆ ಹೆಂಡತಿ ಹೇಳಿದಳು: "ಬೀಜಕ್ಕಾಗುವಷ್ಟನ್ನಾದರೂ ಬೂದಿ ಬೆರೆಸಿ ಗಡಿಗೆಗೆ ಹಾಕಿಡುತ್ತೇನೆ."

ರೈತ ನಕ್ಕ. "ಇಂಥ ಜೋಳವನ್ನು ಗಡಿಗೆಗೆ ಹಾಕುವುದೇ? ಇನ್ನು ನಾಲ್ಕು ದಿನ ತಡೆ. ಮಾಡಿದರೆ ಒಳ್ಳೆಯದನ್ನೇ ಮಾಡೋಣ."

ಕತೆ ಕೇಳುತ್ತಿದ್ದ ನಿರುಪಾದಿ ತಲೆದೂಗಿದ. ರೈತನ ಮಾತು ಅವನಿಗೆ ಸರಿಯೆನಿಸಿತ್ತು. ಅಷ್ಟು ತಿಳಿದವನು ಯಾವುದನ್ನು ಆರಿಸಿದ ಎಂದು ಕೇಳುವ ತವಕವೂ ಇತ್ತು. ಅಜ್ಜ ಒಮ್ಮೆ ಕೆಮ್ಮಿ, ನೀರು ಕುಡಿದು, ಮುಂದಕ್ಕೆ ಹೇಳಿದರು.

ರೈತ ಹಗೇವೇ ಸರಿ ಎಂದು ತೀರ್ಮಾನಿಸಿದ. ತೀರ್ಮಾನ ಚೆನ್ನಾಗಿಯೇ ಇತ್ತು. ರಾಶಿಯ ಮೇಲೆ ಜೋಳದ ದಂಟು ಹೊದಿಸಿ, ಹಗೇವು ತೋಡುವುದರಲ್ಲಿ ಹೆಸರಾದವರನ್ನು ಕರೆತರಲು ದೂರದ ಊರಿಗೆ ಹೋದ. ಅವನು ಅತ್ತ ಹೋದ, ಇತ್ತ ಅಡ್ಡಮಳೆ ಬಂತು. ಅಕಾಲದ ಮಳೆ, ಹಿಡಿದರೆ ಬಿಡಲಿಲ್ಲ. ಹೆಂಡತಿ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿದಳು. ನೀರು ಮೇಲಿನಿಂದ ಇಳಿಯಲಿಲ್ಲ, ಕೆಳಗಿನಿಂದ ಏರಿತು.

ಮಳೆ ನಿಂತು, ದಾರಿಯ ಹಳ್ಳ ಇಳಿದ ಮೇಲೆ, ರೈತ ಕೆಲಸದವರನ್ನು ಕರೆದುಕೊಂಡು ಬಂದ. ದೂರದಿಂದಲೇ ಹಸಿರು ಕಂಡಿತು. ಯಾರ ಹೊಲವೋ, ಎಷ್ಟು ಚೆಂದ ಎದ್ದಿದೆ ಎಂದುಕೊಂಡ. ಹತ್ತಿರ ಬಂದ. ಅದು ಹೊಲವಲ್ಲ, ಅವನ ಕಣ. ರಾಶಿ ಮೊಳೆತಿತ್ತು. ಒಳಗೆ ಕೈ ಹಾಕಿದ. ಬಿಸಿ ತಾಗಿತು, ಕೊಳೆತ ವಾಸನೆ ಬಂತು. ತಳದ ತನಕ ತೋಡಿ ನೋಡಿದ. ಹೆಂಡತಿ ರಾಶಿಯ ಮೇಲಿನಿಂದ ತೆಗೆದ ಕಂಬಳಿಗಳನ್ನು ಹಿಂಡಿ ಬೇಲಿಗೆ ಒಣಹಾಕುತ್ತಿದ್ದಳು.

ಕೆಲಸದವನು ಹೆಗಲಿನಿಂದ ಗುದ್ದಲಿ ಇಳಿಸಿ ಕೇಳಿದ: "ಹಗೇವು ಎಲ್ಲಿ ತೋಡೋಣ?"

ಅಜ್ಜ ಕತೆಯನ್ನು ಅಲ್ಲಿಗೆ ಬಿಟ್ಟರು. ಐಪ್ಯಾಡು, ಆಂಡ್ರಾಯ್ಡು ಎರಡೂ ನಿರುಪಾದಿಗೆ ಮರೆತುಹೋದವು. ಕಣ್ಣ ಮುಂದೆ ಆ ಹಸಿರು ರಾಶಿಯೇ ನಿಂತಿತು. ಎಲ್ಲ ಹೋಗಿರಲಾರದು, ಮೂಲೆಯಲ್ಲಿ ಎಲ್ಲಾದರೂ ಒಂದಿಷ್ಟು ಒಣ ಕಾಳು ಇದ್ದಿರಲೇಬೇಕು ಎಂದು ಅವನಿಗೆ ಅನಿಸಿತು.

"ಅಜ್ಜಾರ, ಬೀಜಕ್ಕಂತ ಒಂದು ಹಿಡಿ ಆದ್ರೂ ಉಳೀಲಿಲ್ಲೇನ್ರಿ?"

ಅಜ್ಜ ಗೋಡೆಗೆ ಒರಗಿಸಿದ್ದ ಏಕತಾರಿಯ ಕಡೆ ನೋಡಿದರು.

"ಮುಂಜಾನಿ ಹಾಡೂಮುಂದ ನಿಂತ ಆ ಮೂರನೇ ನುಡಿ ನನಗ ಇನ್ನೂ ನೆನಪಾಗವಲ್ದಪ್ಪ, ನಿರುಪಾದಿ."