ನಕ್ಷೆಯಲ್ಲಿಲ್ಲದ ಉಳಿ

ಕಮ್ಮಾರ ಮೋನಪ್ಪನ ಕುಲುಮೆಯ ಗೋಡೆಗೆ ಉಕ್ಕಿನ ನಕ್ಷೆಯೊಂದು ತೂಗುತ್ತಿತ್ತು. ಎಷ್ಟು ಇಂಗಾಲ, ಎಷ್ಟು ಕಾವು ಎಂದು ಹೇಳಿದರೆ ಸಾಕು, ಉಕ್ಕು ಆಗ ಯಾವ ಸ್ಥಿತಿಯಲ್ಲಿರುತ್ತದೆಂದು ಅದು ಬೆರಳಿಟ್ಟು ತೋರಿಸುತ್ತಿತ್ತು.

ಒಂದು ದಿನ ಮೋನಪ್ಪ ಒಂದೇ ಸರಳಿನಿಂದ ಎರಡು ಉಳಿ ಬಡಿದ; ಮೊದಲು ಹುಟ್ಟಿದ್ದು ಅಣ್ಣ, ಆಮೇಲಿನದು ತಮ್ಮ. ಕೆಂಪಗೆ ಕಾದ ಅಣ್ಣನನ್ನು ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಲು ಬಿಟ್ಟ. ತಮ್ಮನನ್ನು ಮಾತ್ರ ಚೊಂಯ್ ಎಂದು ನೀರಿಗದ್ದಿ, ಸಿಡಿದು ಮುರಿಯದಿರಲೆಂದು ಮತ್ತೆ ತುಸುವೇ ಕಾವು ತೋರಿಸಿದ.

ತಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ. "ನಕ್ಷೆಯಮ್ಮಾ, ನಿನ್ನಲ್ಲಿ ನನ್ನ ಮನೆ ಎಲ್ಲಿ? ಬೇಗ ತೋರಿಸು!"

"ನಿನ್ನಣ್ಣನ ಮನೆ ಇಗೋ, ಇಲ್ಲಿದೆ. ನಿನ್ನದು ನನ್ನಲ್ಲಿ ಎಲ್ಲೂ ಇಲ್ಲ," ಎಂದಿತು ನಕ್ಷೆ.

"ವಿಳಾಸವಿಲ್ಲದವನು!" ಎಂದು ಅಣ್ಣ ನಕ್ಕ.

ತಮ್ಮನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಮೋನಪ್ಪ ಇಬ್ಬರನ್ನೂ ಕರಿಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಪರೀಕ್ಷಿಸಿದ. ಮೊದಲ ಏಟಿಗೇ ಅಣ್ಣನ ಬಾಯಿ ಮಡಚಿಕೊಂಡಿತು. ತಮ್ಮನ ಸರದಿ ಬಂದಾಗ ಕಲ್ಲೇ ಚಕ್ಕೆಚಕ್ಕೆಯಾಗಿ ಹಾರಿತು!

"ಇದು ಹೇಗೆ, ನಕ್ಷೆಯಮ್ಮಾ?" ಎಂದು ತಮ್ಮ ಕುಣಿದಾಡಿದ.

"ಮಗೂ, ಸಾವಕಾಶವಾಗಿ ಆರಿ ಮನೆ ಸೇರಿದವರನ್ನಷ್ಟೇ ನಾನು ಬರೆದುಕೊಳ್ಳುತ್ತೇನೆ. ನಿನ್ನನ್ನು ನೀರು ಥಟ್ಟನೆ ತಣಿಸಿ ಅರ್ಧದಾರಿಯಲ್ಲೇ ಹಿಡಿದು ನಿಲ್ಲಿಸಿತು. ಆ ಬಿಗಿಯೇ ನಿನ್ನ ಗಟ್ಟಿತನ. ಮನೆ ಬೇಕೇ ಬೇಕೆಂದರೆ ಹೇಳು, ಮತ್ತೆ ಕೆಂಪಗೆ ಕಾದು ಬೂದಿಯಲ್ಲಿ ಮಲಗಿದರಾಯಿತು."

ತಮ್ಮ ಮಡಚಿಹೋದ ಅಣ್ಣನನ್ನೊಮ್ಮೆ ನೋಡಿದ, ಕಲ್ಲನ್ನೊಮ್ಮೆ ನೋಡಿದ.

"ಮೋನಪ್ಪಾ," ಎಂದು ಕೂಗಿದ, "ಎತ್ತು ಸುತ್ತಿಗೆ!"